ಫಿಲಂ ಖಾಲಿ ಬಂದರೆ ತಪ್ಪು ಡಾರ್ಕ್‌ರೂಮಿನದ್ದೇ?

1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದಾಗ ಸೈನಿಕರ ಜೊತೆ ಛಾಯಾಗ್ರಾಹಕ ರಾಬರ್ಟ್ ಕಾಪಾ ಕೂಡ ಇದ್ದರು. ‘ಲೈಫ್’ ಪತ್ರಿಕೆಗಾಗಿ ಅವರು ಅಲ್ಲಿ ತೆಗೆದ ಚಿತ್ರಗಳಲ್ಲಿ ಇಂದು ಜಗತ್ತಿಗೆ ಗೊತ್ತಿರುವುದು ಬೆರಳೆಣಿಕೆಯಷ್ಟು. ಉಳಿದವು ಏನಾದವು? ದಶಕಗಳ ಕಾಲ ಇದಕ್ಕೆ ಒಂದೇ ಉತ್ತರ ಓಡಾಡಿತು: ಲಂಡನ್ನಿನ ಡಾರ್ಕ್‌ರೂಮಿನಲ್ಲಿ ಸಹಾಯಕನೊಬ್ಬ ಗಡಿಬಿಡಿಯಲ್ಲಿ ಫಿಲಂ ಒಣಗಿಸುವಾಗ ಶಾಖ ಹೆಚ್ಚು ಮಾಡಿದ, ಎಮಲ್ಷನ್ ಕರಗಿ ಚಿತ್ರಗಳು ಹೋದವು. ಕಾಪಾ ಅವರೇ 1947ರ ತಮ್ಮ ಪುಸ್ತಕದಲ್ಲಿ ಹೀಗೆ ಬರೆದರು. 106 ಚಿತ್ರಗಳಲ್ಲಿ ಉಳಿದದ್ದು ಎಂಟು ಎಂಬುದು ಅವರ ಲೆಕ್ಕ. ಆಗ ‘ಲೈಫ್’ನ ಲಂಡನ್ ಕಚೇರಿಯಲ್ಲಿ ಚಿತ್ರ ಸಂಪಾದಕರಾಗಿದ್ದ ಜಾನ್ ಮಾರಿಸ್ ಹೇಳಿದ್ದು ಬೇರೆ: ನಾಲ್ಕು ರೋಲ್‌ಗಳಲ್ಲಿ ಮೂರು ಪೂರ್ತಿ ಹೋಗಿದ್ದವು, ನಾಲ್ಕನೆಯದರಲ್ಲಿ ಹನ್ನೊಂದು ಚಿತ್ರ ಸಿಕ್ಕವು.

ಕಥೆ ಚೆನ್ನಾಗಿದೆ. ಆದರೆ ಫಿಲಂ ಹಾಗೆ ಹಾಳಾಗುತ್ತದೆಯೇ?

ಕಪ್ಪು-ಬಿಳುಪು ಫಿಲಂ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜೆಲಟಿನ್ ಪದರ, ಅದರೊಳಗೆ ಬೆಳ್ಳಿಯ ಲವಣದ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಬದಲಾಯಿಸುತ್ತದೆ. ಬೆಳಕು ಬೀಳದೆ ಉಳಿದದ್ದನ್ನು ಫಿಕ್ಸರ್ ಕರಗಿಸಿ ತೆಗೆಯುತ್ತದೆ. ಜೆಲಟಿನ್ ಅತಿಯಾದ ಶಾಖಕ್ಕೆ ಮೆತ್ತಗಾಗುವುದು, ಜಾರುವುದು ನಿಜ. ಆದರೆ ಆಗ ಅದರೊಳಗಿನ ಬೆಳ್ಳಿಯೂ ಜೊತೆಗೇ ಜಾರುತ್ತದೆ. ಚಿತ್ರ ಸುಕ್ಕಾಗುತ್ತದೆ, ಸೊಟ್ಟಗಾಗುತ್ತದೆ, ಮುದ್ದೆಯಾಗುತ್ತದೆ. ಒರೆಸಿಟ್ಟ ಹಾಗೆ ಶುಭ್ರವಾಗಿ ಖಾಲಿಯಾಗುವುದಿಲ್ಲ.

ಖಾಲಿ ಫಿಲಂ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಚಿತ್ರದ ಜಾಗವನ್ನಲ್ಲ, ಅಂಚನ್ನು. ತೂತುಗಳ ಪಕ್ಕದಲ್ಲಿ ಕಂಪನಿಯ ಹೆಸರು, ಫ್ರೇಮಿನ ಸಂಖ್ಯೆ ಇರುತ್ತವಲ್ಲ, ಅವನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ. ಅವು ಕಾಣಬೇಕಾದರೂ ಡೆವಲಪರ್ ಬೇಕು. ಹಾಗಾಗಿ ಅಂಚಿನ ಅಕ್ಷರಗಳು ಕಡು ಕಪ್ಪಾಗಿದ್ದು ನಡುವೆ ಮಾತ್ರ ಖಾಲಿ ಇದ್ದರೆ ಡಾರ್ಕ್‌ರೂಮ್ ನಿರಪರಾಧಿ. ಫಿಲಂ ಮುಂದೆ ಸುತ್ತಿಕೊಂಡಿಲ್ಲ, ಇಲ್ಲವೇ ಶಟರ್ ತೆರೆದಿಲ್ಲ. ಅಂಚೂ ಖಾಲಿ ಇದ್ದರೆ ಡೆವಲಪರ್ ಸತ್ತಿದೆ, ಅಥವಾ ಯಾರೋ ಫಿಕ್ಸರನ್ನು ಮೊದಲು ಸುರಿದಿದ್ದಾರೆ. ಚಿತ್ರ ಪೇಲವವಾಗಿದ್ದಾಗಲೂ ಇದೇ ತರ್ಕ. ಅಂಚೂ ಪೇಲವವಾಗಿದ್ದರೆ ಡೆವಲಪ್ ಆಗಿದ್ದು ಸಾಲದು, ಅಂಚು ಸರಿಯಿದ್ದರೆ ಕ್ಯಾಮೆರಾದಲ್ಲಿ ಬೆಳಕು ಸಾಲದು.

ಕಾಪಾ ಅವರ ವಿಷಯಕ್ಕೆ ಬಂದರೆ, ಅಮೆರಿಕದ ವಿಮರ್ಶಕ ಎ. ಡಿ. ಕೋಲ್ಮನ್ ಮತ್ತು ಸಂಗಡಿಗರು 2014ರಿಂದ ಈ ಕಥೆಯನ್ನು ಬಿಡಿಸಿ ನೋಡತೊಡಗಿದರು. ಉಳಿದ ಫ್ರೇಮುಗಳಲ್ಲಿ ಚಿತ್ರ ಒಂದು ಬದಿಯ ತೂತುಗಳವರೆಗೂ ಚಾಚಿಕೊಂಡಿದೆ. ಎಮಲ್ಷನ್ ಜಾರಿದ್ದಕ್ಕೆ ಇದೇ ಸಾಕ್ಷಿ ಎನ್ನಲಾಗುತ್ತಿತ್ತು. ಆದರೆ ಆಕ್ರಮಣಕ್ಕೆ ಮೊದಲು ಅವರು ತೆಗೆದ ಚಿತ್ರಗಳಲ್ಲೂ ಅದೇ ಲಕ್ಷಣವಿದೆ. ಕಾಂಟಾಕ್ಸ್ ಕ್ಯಾಮೆರಾದಲ್ಲಿ ಕೊಡಕ್ ಕ್ಯಾಸೆಟ್ ಸರಿಯಾಗಿ ಕೂರದೆ ಹೀಗಾಗುತ್ತದೆ ಎಂಬುದು ಅವರ ವಿವರಣೆ. ಉಳಿದ ರೋಲ್‌ಗಳಲ್ಲಿ ಮೊದಲೇ ಏನೂ ಇರದಿದ್ದಿರಬಹುದು ಎಂದು ಮಾರಿಸ್ ಕೂಡ 2014ರಲ್ಲಿ ಒಪ್ಪಿಕೊಂಡರು. ಆ ಮೂರು ರೋಲ್‌ಗಳು ಈಗ ಇಲ್ಲದ ಕಾರಣ ಅಂಚು ನೋಡಿ ತೀರ್ಪು ಕೊಡುವಂತಿಲ್ಲ. ಆದರೂ ಇರುವ ಸಾಕ್ಷ್ಯದ ಮೇಲೆ ಎಪ್ಪತ್ತು ವರ್ಷ ಆ ಸಹಾಯಕನ ತಲೆಗೆ ಕಟ್ಟಿದ್ದು ನ್ಯಾಯವಲ್ಲ ಎಂದೇ ನನಗನಿಸುತ್ತದೆ.

ಹಾಗೆಂದು ಡಾರ್ಕ್‌ರೂಮಿನ ತಪ್ಪುಗಳೇ ಇಲ್ಲವೆಂದಲ್ಲ. ಅವುಗಳ ಗುರುತು ಬೇರೆ, ಅಷ್ಟೆ. ನೆಗೆಟಿವ್ ಮೇಲೆ ಅಂಚು ಸ್ಪಷ್ಟವಾಗಿರುವ ದುಂಡನೆಯ ಪಾರದರ್ಶಕ ಚುಕ್ಕೆ ಕಂಡರೆ ಅದು ಗಾಳಿಗುಳ್ಳೆ ಅಂಟಿಕೊಂಡಿದ್ದ ಜಾಗ. ಪ್ರಿಂಟಿನಲ್ಲಿ ಅದು ಕಪ್ಪು ಚುಕ್ಕೆಯಾಗುತ್ತದೆ, ಕೆಲವರಿಗೆ ಹಾರುವ ತಟ್ಟೆಯೂ ಆಗುತ್ತದೆ! ಡೆವಲಪರ್ ಸುರಿದ ಕೂಡಲೇ ಟ್ಯಾಂಕನ್ನು ಮೇಜಿಗೆ ಎರಡು ಸಲ ತಟ್ಟಿದರೆ ಸಾಕು. ಅರ್ಧಚಂದ್ರದಂಥ ಗುರುತು, ಕತ್ತಲಲ್ಲಿ ರೀಲಿಗೆ ಸುತ್ತುವಾಗ ಫಿಲಂ ಮಡಿಸಿಕೊಂಡದ್ದರದು. ಬಿರುಕು ಬಿಟ್ಟ ಕೆರೆಯ ಮಣ್ಣಿನಂಥ ವಿನ್ಯಾಸ ಬಂದರೆ ದ್ರಾವಣಗಳ ಉಷ್ಣತೆಯಲ್ಲಿ ತೀರಾ ಅಂತರವಿತ್ತೆಂದು ಅರ್ಥ. ಡೆವಲಪರ್ 20 ಡಿಗ್ರಿಯಲ್ಲಿದ್ದು, ತೊಳೆಯುವ ನೀರು ಏಪ್ರಿಲ್ ಬಿಸಿಲಲ್ಲಿ ಕಾದ ಓವರ್‌ಹೆಡ್ ಟ್ಯಾಂಕಿನದಾದರೆ ಈ ಅಪಾಯ ಇದ್ದೇ ಇದೆ. ಒಣಗಿದ ಮೇಲೆ ಕಾಣುವ ಬಿಳಿ ಕಲೆಗಳು ಬಹುಮಟ್ಟಿಗೆ ಗಡಸು ನೀರಿನವು. ಬೋರ್‌ವೆಲ್ ನೀರಿದ್ದವರು ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್ ಬಳಸುವುದು ಒಳ್ಳೆಯದು.

ನೆಗೆಟಿವ್ ಹಾಲಿನಂತೆ ಮಸುಕಾಗಿದ್ದರೆ ಎಸೆಯಬೇಡಿ. ಅದು ಸಾಮಾನ್ಯವಾಗಿ ಫಿಕ್ಸರ್ ಸಾಲದ್ದರ ಲಕ್ಷಣ. ಹೊಸ ಫಿಕ್ಸರಿನಲ್ಲಿ ಮತ್ತೆ ಕೆಲವು ನಿಮಿಷ ಇಟ್ಟು ಚೆನ್ನಾಗಿ ತೊಳೆದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಹೊಸ ಫಿಕ್ಸರ್ ಕೂಡ ಸತ್ವ ಕಳೆದುಕೊಂಡಿದೆಯೇ ಎಂಬ ಅನುಮಾನವಿದ್ದರೆ ಬೇಡವಾದ ಫಿಲಂ ತುಂಡೊಂದನ್ನು ಅದರಲ್ಲಿ ಅದ್ದಿ, ಪಾರದರ್ಶಕವಾಗಲು ಎಷ್ಟು ಹೊತ್ತು ಬೇಕೆಂದು ನೋಡಿ. ಅದರ ಎರಡರಷ್ಟು ಹೊತ್ತು ನಿಮ್ಮ ರೋಲನ್ನು ಇಡಿ.