ನಮ್ಮ ಹುಡುಗನಿಗೆ 14 ವರ್ಷ ಕೊಡೋರು ಯಾರು?



ನಮ್ಮ ಏರಿಯಾದ ಜಯಂತಿ ಸಭೆಯಲ್ಲಿ ಒಂದು ಮಾತು ಇಟ್ಟೆ. ಈ ಸಲ ಬೀದಿಯಲ್ಲೇ ಪರದೆ ಕಟ್ಟಿ ಆನಂದ್ ಪಟವರ್ಧನ್ ಅವರ 'ಜೈ ಭೀಮ್ ಕಾಮ್ರೇಡ್' ತೋರಿಸೋಣ ಅಂದೆ. ಒಬ್ಬ ಹುಡುಗ ಕೇಳಿದ: "ಆ ಡೈರೆಕ್ಟರ್ ನಮ್ಮೋರಾ ಅಣ್ಣ?" ಅಲ್ಲ ಅಂದೆ. ಅಲ್ಲಿಗೆ ಚರ್ಚೆ ಮುಗೀತು. ಡಿಜೆ ದುಡ್ಡು ಮಾತ್ರ ಐದೇ ನಿಮಿಷದಲ್ಲಿ ಪಾಸಾಯ್ತು.

ಅವನ ಪ್ರಶ್ನೆ ತಪ್ಪಲ್ಲ. ನಮ್ಮ ನೋವನ್ನ ಬೇರೆಯವರು ಶೂಟ್ ಮಾಡಿ ದೊಡ್ಡೋರಾಗಿದ್ದನ್ನ ಬೇಕಾದಷ್ಟು ನೋಡಿದ್ದೀವಿ. ಆದ್ರೆ ಪ್ರಶ್ನೆ ಕೇಳಿ ಎದ್ದು ಹೋಗೋದು ತಪ್ಪು.

1997ರ ಜುಲೈ 11. ಮುಂಬಯಿಯ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದರು. ಪ್ರತಿಭಟನೆಗಿಳಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಜನರನ್ನು ಕೊಂದರು. ಅದನ್ನು ತಡೆದುಕೊಳ್ಳಲಾರದೆ ದಲಿತ ಶಾಹೀರ ವಿಲಾಸ್ ಘೋಗ್ರೆ ಕೆಲವೇ ದಿನಗಳಲ್ಲಿ ಜೀವ ತೆಗೆದುಕೊಂಡರು. ಪಟವರ್ಧನ್ ಅವರ 'ಬಾಂಬೆ ಅವರ್ ಸಿಟಿ'ಯಲ್ಲಿ (1985) ಹಾಡಿದ್ದವರು ಇದೇ ಘೋಗ್ರೆ. ಆ ಸಾವಿನ ಬೆನ್ನಿಗೆ ಪಟವರ್ಧನ್ ಕ್ಯಾಮೆರಾ ಹಿಡಿದು ಹೊರಟರು. ಸಿನಿಮಾ ಮುಗಿದಿದ್ದು 2011ರಲ್ಲಿ. ಟಿವಿಯವರು ನಾಲ್ಕು ದಿನಕ್ಕೆ ಮರೆಯೋ ಸುದ್ದಿಯನ್ನ ಈ ಮನುಷ್ಯ 14 ವರ್ಷ ಬಿಡಲಿಲ್ಲ. ಆಮೇಲೆ ಮುಂಬಯಿಯ ಬಸ್ತಿಗಳಲ್ಲೇ ಪರದೆ ಕಟ್ಟಿ ತೋರಿಸಿದರು.

ಸ್ಟಾರ್ ಇಲ್ಲ, ದೊಡ್ಡ ಪ್ರೊಡ್ಯೂಸರ್ ಇಲ್ಲ. ತಾವೇ ಶೂಟಿಂಗ್, ತಾವೇ ಎಡಿಟಿಂಗ್, ಡಿವಿಡಿ ಮಾರೋದೂ ತಾವೇ. 'ವಾರ್ ಅಂಡ್ ಪೀಸ್'ಗೆ ಸೆನ್ಸಾರ್ ಕತ್ತರಿ ಎತ್ತಿದಾಗ ಹೈಕೋರ್ಟಿಗೆ ಹೋಗಿ ಗೆದ್ದರು. ದೂರದರ್ಶನ 'ಫಾದರ್, ಸನ್ ಅಂಡ್ ಹೋಲಿ ವಾರ್' ಹಾಕಲ್ಲ ಅಂದಾಗ ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 2006ರಲ್ಲಿ ಗೆದ್ದರು. ನಮ್ಮ ಕಲಬುರ್ಗಿ, ಗೌರಿ ಕೊಲೆಗಳ ಹಿಂದಿನ ವಿಷವನ್ನ 'ವಿವೇಕ್'ನಲ್ಲಿ (2018) ಬಿಚ್ಚಿಟ್ಟವರೂ ಇವರೇ.

ಈಗ ಇನ್ನೊಂದು ಸತ್ಯ. ಅವರ ಬೆನ್ನಿಗೆ ಮೇಲ್ಜಾತಿ ಮನೆತನ ಇತ್ತು, ಅಮೆರಿಕ-ಕೆನಡಾದ ಓದಿತ್ತು, ಇಂಗ್ಲಿಷ್ ಇತ್ತು. ಇದನ್ನ ಹೇಳೋದು ಅವರನ್ನ ಸಣ್ಣೋರು ಮಾಡೋಕಲ್ಲ. 'ಸ್ವತಂತ್ರ ನಿರ್ದೇಶಕ' ಅನ್ನೋ ಮಾತಿಗೆ ಎಷ್ಟು ಖರ್ಚಾಗುತ್ತೆ ಅಂತ ತಿಳಿಯೋಕೆ. ನಮ್ಮ ಹುಡುಗ ಒಂದು ಸಿನಿಮಾ ಹಿಂದೆ 14 ವರ್ಷ ಬಿದ್ರೆ ಮನೆ ಬಾಡಿಗೆ ಯಾರು ಕಟ್ತಾರೆ? ವಕೀಲರ ಫೀಸು ಯಾರು ಕೊಡ್ತಾರೆ? ನಾಗರಾಜ ಮಂಜುಳೆ 'ಫ್ಯಾಂಡ್ರಿ' (2013) ಮಾಡಿಲ್ವಾ ಅಂತೀರಿ. ಒಬ್ಬರು ಬೇಲಿ ಹಾರಿದ್ರೆ ಬೇಲಿ ಬಿತ್ತು ಅಂತಲ್ಲ.

ಎಪ್ಪತ್ತರ ದಶಕದಿಂದ ದಸಂಸದ ಹಾಡುಗಾರರು ಊರೂರು ತಿರುಗಿ, ತಮಟೆ ಹೊಡೆದು ಹಾಡಿದರು. ಎಷ್ಟೋ ಜನ ಈಗ ಇಲ್ಲ. ಎಷ್ಟು ಜನರ ದನಿ, ಮುಖ ನಮ್ಮ ಹತ್ರ ಉಳಿದಿದೆ ಹೇಳಿ? ಘೋಗ್ರೆ ಇವತ್ತಿಗೂ ಹಾಡ್ತಿರೋದು ಅವತ್ತು ಯಾರೋ ಕ್ಯಾಮೆರಾ ಆನ್ ಮಾಡಿದ್ದಕ್ಕೆ. ಆ ಯಾರೋ ನಾವಾಗಿರಲಿಲ್ಲ ಅನ್ನೋ ಸಂಕಟ ನನಗೂ ಇದೆ. ಆದ್ರೆ ಅದಕ್ಕೆ ಪಟವರ್ಧನ್ ಅವರನ್ನ ಬಯ್ದು ಏನು ಪ್ರಯೋಜನ?

ಪ್ರತಿ ಜಯಂತಿ ಸಮಿತಿಯೂ ಡಿಜೆ ದುಡ್ಡಲ್ಲಿ ಅರ್ಧ ತೆಗೆದಿಡಲಿ. ನಮ್ಮ ಕೇರಿಯ ಹುಡುಗ ಹುಡುಗಿಯರ ಕೈಗೆ ಕ್ಯಾಮೆರಾ ಕೊಡಲಿ. ಅವರು ಮಾಡಿದ್ದನ್ನ ಬೀದಿಯಲ್ಲಿ ತೋರಿಸಲಿ. ಯೂಟ್ಯೂಬಲ್ಲಿ ಪುಕ್ಕಟೆ ನೋಡಿ ಲೈಕ್ ಒತ್ತಿದ್ರೆ ಯಾರ ಮನೆ ಒಲೆಯೂ ಉರಿಯಲ್ಲ.

ಸಭೆಯಲ್ಲಿ ಪ್ರಶ್ನೆ ಕೇಳಿದ ತಮ್ಮನಿಗೆ: ಆ ಡೈರೆಕ್ಟರ್ ನಮ್ಮೋರಲ್ಲಪ್ಪ. ಮುಂದಿನೋರು ನಮ್ಮೋರಾಗಬೇಕು ಅಂದ್ರೆ ರಸೀದಿ ಪುಸ್ತಕ ತಗೊಂಡು ಬಾ. ನಾನು ಗುಮಾಸ್ತ, ಸಂಬಳ ಎಷ್ಟು ಅಂತ ನಿನಗೆ ಗೊತ್ತೇ ಇದೆ. ಆದ್ರೂ ಮೊದಲ ರಸೀದಿ ನನ್ನ ಹೆಸರಿಗೇ ಹರಿ.

ಜೈಭೀಮ್.