ಅಗ್ಗದ ಸೆನ್ಸರ್ ನಿಜಕ್ಕೂ ಅಗ್ಗವೇ?

ನಮ್ಮ ಮಾಮು ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಅಲ್ಲಿ ಹಬೆಯ ಒತ್ತಡ ಸುಮಾರು 10 ಬಾರ್. ಹಳೆಯ ಪ್ರೆಶರ್ ಸೆನ್ಸರ್ ಕೆಟ್ಟಾಗ, ಕಡಿಮೆ ಬೆಲೆಗೆ ಸಿಕ್ಕಿತೆಂದು 100 ಬಾರ್‌ವರೆಗೆ ಅಳೆಯುವುದನ್ನು ತಂದು ಹಾಕಿದರು. "ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಮಾಮು?" ಎಂದು ಕೇಳಿದೆ. ಅವರು ನಕ್ಕು, "ನೀನು ಕಾಮರ್ಸ್ ಅಲ್ವಾ ಬೇಟಾ, ಲೆಕ್ಕ ಹಾಕು" ಎಂದರು.

ಹಾಕಿದೆ. ಸೆನ್ಸರಿನ ತಪ್ಪನ್ನು ಸಾಮಾನ್ಯವಾಗಿ ಅದರ ಪೂರ್ಣ ಅಳತೆಯ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಶೇ. 1 ಎಂದರೆ 100 ಬಾರ್ ಸೆನ್ಸರಿನಲ್ಲಿ 1 ಬಾರ್. 16 ಬಾರ್ ಸೆನ್ಸರಿನಲ್ಲಿ ಬರೀ 0.16 ಬಾರ್. ಅಂದರೆ ಒತ್ತಡ 10 ಇರುವಾಗ ದೊಡ್ಡ ಸೆನ್ಸರ್ 9 ಎಂದು ತೋರಿಸಬಹುದು. ಹಾಗೆಂದು 10 ಬಾರ್‌ನದನ್ನೇ ಕೊಳ್ಳಲೂಬಾರದು. ಒತ್ತಡ ಏರಿದರೆ ಅಳೆಯಲು ಜಾಗವಿರುವುದಿಲ್ಲ. ಬಿಸಿ ಹಬೆ ನೇರವಾಗಿ ತಾಗದಂತೆ ನಡುವೆ ಸುರುಳಿ ಪೈಪ್ ಬೇಕು. ಅದರಲ್ಲಿ ನಿಂತ ನೀರು ಸೆನ್ಸರನ್ನು ಕಾಯುತ್ತದೆ. ಉಳಿತಾಯವೆಂದು ಅದನ್ನೂ ಬಿಟ್ಟಿದ್ದರು.

ಸೇಫ್ಟಿ ವಾಲ್ವ್ ಇದೆ, ನಿಜ. ಆದರೆ ಅದು ಕೊನೆಯ ಕಾವಲು.

ನಾಳೆ ಖರೀದಿಗೆ ಸಹಿ ಹಾಕುವವರು ನಾವೇ, ಕಾಮರ್ಸ್‌ನವರು. ಬೆಲೆಯೊಂದನ್ನೇ ನೋಡದೆ, ಬಾಯ್ಲರ್ ಮುಂದೆ ದಿನವೂ ನಿಲ್ಲುವವರನ್ನು ಮೊದಲು ಒಂದು ಮಾತು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.