ಮೊದಲ ಮೆಟ್ಟಿಲಿಲ್ಲದ ಏಣಿ

ಪಂಜ, ಸುಳ್ಯ, ಕಡಬ ಪರಿಸರದ ಹಲವು ಅಡಿಕೆ ಕೃಷಿಕ ಕುಟುಂಬಗಳ ಆರ್ಥಿಕತೆ ಕಳೆದ ಎರಡು ದಶಕಗಳಿಂದ ಎರಡು ಕಾಲುಗಳ ಮೇಲೆ ನಿಂತಿದೆ: ಒಂದು ತೋಟ, ಇನ್ನೊಂದು ಬೆಂಗಳೂರಿನ ಸಾಫ್ಟ್‌ವೇರ್ ಸಂಬಳ. ಸುಳ್ಯ ತಾಲ್ಲೂಕಿನ ತೋಟಗಳನ್ನು ಹಳದಿ ಎಲೆ ರೋಗ ಬಹುಕಾಲದಿಂದ ಕಾಡುತ್ತಿದೆ. ಈಚೆಗೆ ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ಫಸಲು ಕೈಕೊಟ್ಟಾಗ ಮನೆಗೆ ಆಸರೆಯಾದದ್ದು ಮಗನೋ ಮಗಳೋ ಕಳುಹಿಸಿದ ಹಣ. ಈಗ ಆ ಎರಡನೆಯ ಕಾಲೂ ಅಲುಗಾಡತೊಡಗಿದೆ.

ನಮ್ಮ ಸಾಫ್ಟ್‌ವೇರ್ ಸೇವಾ ಉದ್ಯಮದ ರಚನೆ ಪಿರಮಿಡ್ಡಿನಂಥದು. ತಳದಲ್ಲಿ ಹೊಸಬರ ದೊಡ್ಡ ಪಡೆ, ಮೇಲೆ ಅನುಭವಿಗಳ ಸಣ್ಣ ತಂಡ. ಸಣ್ಣಪುಟ್ಟ ಕೋಡ್ ಬರೆಯುವುದು, ಪರೀಕ್ಷಿಸುವುದು, ದೋಷ ಹುಡುಕುವುದು ಹೊಸಬರ ಪಾಲಿನ ಕೆಲಸ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಇದರಲ್ಲಿ ಗಣನೀಯ ಭಾಗವನ್ನು ಯಂತ್ರವೇ ನಿಮಿಷಗಳಲ್ಲಿ ಮುಗಿಸುತ್ತಿದೆ.

2025ರ ಜುಲೈಯಲ್ಲಿ ಟಿಸಿಎಸ್ ಸಂಸ್ಥೆಯು ಸುಮಾರು 12 ಸಾವಿರ, ಅಂದರೆ ಶೇ. 2ರಷ್ಟು, ಹುದ್ದೆಗಳ ಕಡಿತವನ್ನು ಪ್ರಕಟಿಸಿದಾಗ ದೇಶವೇ ಬೆಚ್ಚಿತು. ಅವು ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದ ಹುದ್ದೆಗಳು. ಕೃತಕ ಬುದ್ಧಿಮತ್ತೆ ಇದಕ್ಕೆ ಕಾರಣವಲ್ಲವೆಂದು ಸಂಸ್ಥೆ ಹೇಳಿತು. ಕಡಿತವಾದರೆ ಸುದ್ದಿಯಾಗುತ್ತದೆ. ಆದರೆ ನೇಮಕಾತಿಯೇ ನಡೆಯದಿದ್ದರೆ ಲೆಕ್ಕದಲ್ಲಿ ಯಾರೂ ಕೆಲಸ ಕಳೆದುಕೊಂಡಿರುವುದಿಲ್ಲ. ಹೊಸ ಪದವೀಧರನ ನಷ್ಟ ಹೀಗೆ ಸದ್ದಿಲ್ಲದೆ ಸಂಭವಿಸುತ್ತದೆ.

ಎಂಬತ್ತರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಾಗಲೂ ನೌಕರರ ಸಂಘಗಳು ವಿರೋಧಿಸಿದ್ದವು. ಬಳಿಕ ಗಣಕವೇ ಲಕ್ಷಾಂತರ ಉದ್ಯೋಗಗಳನ್ನು ಸೃಷ್ಟಿಸಿತಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ. ಆದರೆ ಅಂದು ಹೊಸ ಏಣಿಯೊಂದು ಸಿದ್ಧವಾಯಿತು. ಇಂದು ಇರುವ ಏಣಿಯ ಮೊದಲ ಮೆಟ್ಟಿಲೇ ಕಳಚುತ್ತಿದೆ. ಯಂತ್ರ ಬರೆದ ಕೋಡಿನ ತಪ್ಪು ಹಿಡಿಯಲು ಅನುಭವಿಗಳು ಬೇಕು. ಇಂದು ಹೊಸಬರನ್ನು ತೆಗೆದುಕೊಳ್ಳದಿದ್ದರೆ ಹತ್ತು ವರ್ಷಗಳ ಅನಂತರದ ಅನುಭವಿಗಳು ಎಲ್ಲಿಂದ ಬರಬೇಕು? ಹಳೆಯ ಮರಗಳ ನಡುವೆ ಸಸಿ ನೆಡದ ತೋಟದ ಗತಿ ಏನೆಂಬುದು ಪಂಜದ ಕೃಷಿಕನಿಗೆ ಚೆನ್ನಾಗಿ ಗೊತ್ತು.

ಇಲ್ಲಿ ಅರ್ಥಶಾಸ್ತ್ರದ ಹಳೆಯ ತೊಡಕೊಂದಿದೆ. ತರಬೇತಿಯ ವೆಚ್ಚ ಒಂದು ಕಂಪನಿಯದು. ಅದರ ಫಲವನ್ನು ಇನ್ನೊಂದು ಕಂಪನಿ ಹೆಚ್ಚು ಸಂಬಳ ಕೊಟ್ಟು ಸೆಳೆದುಕೊಳ್ಳಬಹುದು. ಹೊಸಬರಿಂದ ತಕ್ಷಣದ ಆದಾಯವಿದ್ದಷ್ಟು ಕಾಲ ಕಂಪನಿಗಳು ಈ ವೆಚ್ಚವನ್ನು ಭರಿಸಿದವು. ಆ ಆದಾಯ ಯಂತ್ರದ ಪಾಲಾದರೆ ತರಬೇತಿ ಯಾರಿಗೂ ಬೇಡದ ಹೊರೆಯಾಗುತ್ತದೆ. ಮಾರುಕಟ್ಟೆ ತಾನಾಗಿ ಇದನ್ನು ಸರಿಪಡಿಸುತ್ತದೆಂದು ನಂಬಲು ಆಧಾರವಿಲ್ಲ.

ದಾರಿಗಳು ಇಲ್ಲದಿಲ್ಲ. 1961ರ ಅಪ್ರೆಂಟಿಸ್ ಕಾಯಿದೆ ಇದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಡಿ ಕೇಂದ್ರ ಸರ್ಕಾರವು ಶಿಷ್ಯವೇತನದ ಒಂದು ಪಾಲನ್ನು ಭರಿಸುತ್ತದೆ. ರಾಜ್ಯ ಸರ್ಕಾರ ಸ್ವತಃ ಸಾಫ್ಟ್‌ವೇರಿನ ದೊಡ್ಡ ಗ್ರಾಹಕ. ತನ್ನ ಗುತ್ತಿಗೆ ಪಡೆಯುವ ಕಂಪನಿಗಳು ಇಂತಿಷ್ಟು ಹೊಸಬರಿಗೆ ತರಬೇತಿ ನೀಡಲೇಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಬಹುದು. ಕಾಲೇಜುಗಳು ವರ್ಷಕ್ಕೊಮ್ಮೆ ಬದಲಾಗುವ ಉಪಕರಣಗಳ ಬೆನ್ನು ಹತ್ತದೆ ಗಣಿತ, ತರ್ಕ ಹಾಗೂ ಗಣಕ ವ್ಯವಸ್ಥೆಯ ಮೂಲಪಾಠಗಳನ್ನು ಗಟ್ಟಿಗೊಳಿಸಬೇಕು.

ತೋಟದ ರೋಗವನ್ನು ಸರ್ಕಾರಗಳು ಮರಗಳು ಸಾಯತೊಡಗಿದ ಮೇಲಷ್ಟೇ ಗಂಭೀರವಾಗಿ ಪರಿಗಣಿಸಿದವು. ಈ ಎರಡನೆಯ ರೋಗದ ವಿಷಯದಲ್ಲಾದರೂ ಅಷ್ಟು ಕಾಯುವ ಅಗತ್ಯವಿಲ್ಲ.